ಕಣ್ಣಿಗೊತ್ತಿಕೊಳ್ಳುವ ನೆಲ

ಕಟ್ಟಡದ ಬಟ್ಟೆ ಒಗೆಯುವ ಕೋಣೆಯಲ್ಲಿ ಇವತ್ತು ನಮ್ಮ ಸರದಿ. ಮಿಷಿನ್ ನಿಲ್ಲುವುದರೊಳಗೆ ಇಷ್ಟು ಬರೆದುಬಿಡುತ್ತೇನೆ. ಒಳಗೆ ತಿರುಗುತ್ತಿರುವುದು ಡಾನ್ಸ್ ಕ್ಲಾಸಿನ ಮಕ್ಕಳ ಬಿಳಿ ಬಟ್ಟೆಗಳು. ನಾನೇ ಎಲ್ಲರ ಮನೆಯಿಂದ ಕೇಳಿ ತಂದೆ. ಒಂದು ಸಲ ಒಗೆದದ್ದಾಯಿತು, ಕಲೆ ಪೂರ್ತಿ ಹೋಗಲಿಲ್ಲ.

ಸ್ವೀಡನ್ನಿನ ಸೋಲ್ನಾಕ್ಕೆ ಬಂದಮೇಲೆ, ಮಗಳು ಸಿಯಾ ಡಾಗಿಸ್, ಅಂದರೆ ಇಲ್ಲಿನ ಶಿಶುವಿಹಾರ, ಮುಗಿಸಿ ಶಾಲೆಗೆ ಹೋಗುವವರೆಗೂ, ನಾನು ಮನೆಯಲ್ಲೇ ಇದ್ದೆ. ಕಳೆದ ಚಳಿಗಾಲ, 2015ರ ಕೊನೆಗೆ, ಹತ್ತಿರದ ಸೋಡರ್‌ಟೆಲ್ಯೆ ಊರಿನ ಒಂದು ಪುಟ್ಟ ಕಂಪನಿಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಸವೆದ ಟೈರುಗಳನ್ನು ಪುಡಿಮಾಡಿ, ಅಂಟು ಬೆರೆಸಿ ಒತ್ತಿ, ನೆಲಕ್ಕೆ ಹಾಸುವ ದಪ್ಪ ಚೌಕಗಳನ್ನು ಮಾಡುತ್ತಾರೆ. ಕೊಳ್ಳುವವರು ಹೆಚ್ಚಾಗಿ ಕುದುರೆ ಲಾಯದವರು. ಅದಕ್ಕೆ ಹೊಸ ಉಪಯೋಗ, ಹೊಸ ಗಿರಾಕಿ ಹುಡುಕುವುದು ನನ್ನ ಕೆಲಸ. ಹುಡುಕಿದರೆ ನೌಕರಿ ಕಾಯಂ ಎಂದು ಮಾಲೀಕ ಇಂಗ್ವಾರ್ ಹೇಳಿದ್ದ.

ನನಗೆ ಹೊಳೆದದ್ದು ವೇದವತಿ ಟೀಚರ್ ಕ್ಲಾಸು. ಪಕ್ಕದ ಕಟ್ಟಡದ ನೆಲಮಾಳಿಗೆಯಲ್ಲಿ ಅವರು ನಮ್ಮ ಕನ್ನಡದ ಮಕ್ಕಳಿಗೆ ಭರತನಾಟ್ಯ ಕಲಿಸುತ್ತಾರೆ. ಕೆಳಗೆ ಬರೀ ಕಾಂಕ್ರೀಟು. ತಟ್ಟಿ ತಟ್ಟಿ ಮಕ್ಕಳಿಗೆ ಮಂಡಿನೋವು. ಇಲ್ಲಿ ಹಾಸಿ ತೋರಿಸಿದರೆ ಈ ದೇಶದ ಡಾನ್ಸ್ ಶಾಲೆಗಳೆಲ್ಲ ಕೊಂಡಾವು ಎಂದುಕೊಂಡೆ.

"ಡಾನ್ಸಾ?" ಎಂದು ಇಂಗ್ವಾರ್ ನಕ್ಕಿದ್ದ. "ನಮ್ಮ ಗಿರಾಕಿಗಳು ಲಾಳ ಹಾಕಿಕೊಂಡು ಕುಣಿಯುವವರು."

ಮೊದಲು ನಾಲ್ಕು ಚೌಕ ಮನೆಗೆ ತಂದೆ. ಸಿಯಾ ಅದರ ಮೇಲೆ ಅಭ್ಯಾಸ ಮಾಡಿ, "ಅಮ್ಮ, ಸೋ ಸಾಫ್ಟ್! ಮಂಡಿ ನೋಯ್ತಾನೇ ಇಲ್ಲ," ಎಂದಳು. ಆಮೇಲೆ ಬಚ್ಚಲಲ್ಲಿ ಅವಳ ಕಾಲು ತೊಳೆದವಳು ನಾನೇ. ಅಂಗಾಲಿನಿಂದ ಇಳಿದ ನೀರು ಕಪ್ಪಗಿತ್ತು. ಮರುದಿನವೂ ಹಾಗೇ ಇತ್ತು. ಕಂಪನಿಯ ಪರೀಕ್ಷೆಗಳೆಲ್ಲ ಬೂಟಿಗೆ, ಗೊರಸಿಗೆ ಮಾಡಿದವು ಎಂಬುದೂ ನನಗೆ ಗೊತ್ತಿತ್ತು.

"ಟೀಚರ್‌ಗೆ ಹೇಳ್ಬೇಡ ಪುಟ್ಟಿ," ಎಂದೆ. "ಹೊಸದಲ್ವಾ, ನಾಲ್ಕು ಸಲ ಒರೆಸಿದ್ರೆ ಹೋಗತ್ತೆ."

"ಓಕೆ ಅಮ್ಮ."

ಯುಗಾದಿ ಕಾರ್ಯಕ್ರಮಕ್ಕೆ ಮುಂಚಿನ ಶನಿವಾರ ನೆಲಮಾಳಿಗೆಯ ತುಂಬ ಚೌಕಗಳನ್ನು ಹಾಸಿದೆವು. ಕ್ಲಾಸಿನ ಹುಡುಗಿ ಅನ್ಯಾಳ ಅಪ್ಪ ಗಂಗಾಧರ ಹೊತ್ತು ತರುತ್ತಾ ತಮಾಷೆ ಮಾಡುತ್ತಲೇ ಇದ್ದರು. "ಶೋಭನಾ ಅವ್ರೇ, ಇದು ವಿಂಟರ್ ಟೈರಾ, ಸಮ್ಮರ್ ಟೈರಾ? ಏಪ್ರಿಲ್ ಬಂತು, ಇನ್ನೂ ವಿಂಟರ್ ಟೈರಲ್ಲೇ ಓಡಾಡ್ತಾರೆ ಅಂತ ಮಕ್ಕಳಿಗೆ ಫೈನ್ ಬಿದ್ದೀತು!"

ಮಕ್ಕಳು ಕುಣಿದರು. "ಕಾಲಿನ ಶಬ್ದಾನೇ ಕೇಳಲ್ವಲ್ಲೇ," ಎಂದು ಟೀಚರ್ ಗೊಣಗಿದರೂ ಮುಖದಲ್ಲಿ ಸಂತೋಷವಿತ್ತು. ಒಬ್ಬರೂ ಮಂಡಿ ಹಿಡಿದುಕೊಳ್ಳಲಿಲ್ಲ. ಕೊನೆಗೆ ಎಲ್ಲರೂ ಕುಳಿತು, ವಾಡಿಕೆಯಂತೆ ಎರಡೂ ಕೈಯಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ನಮಸ್ಕಾರ ಮಾಡಿದರು.

ಮುಖ ಎತ್ತಿದಾಗ ಪ್ರತಿ ಮಗುವಿನ ರೆಪ್ಪೆಯ ಮೇಲೂ ಕಪ್ಪು ಪಟ್ಟೆ. ಅಂಗಾಲು ಕಪ್ಪು, ಬಿಳಿ ಬಟ್ಟೆಯ ಮೇಲೆ ಕೈಯ ಗುರುತು.

"ಏನ್ರೋ, ಗ್ಯಾರೇಜಿಂದ ಬಂದಂಗಿದೀರಲ್ಲ!" ಎಂದು ಗಂಗಾಧರ ನಕ್ಕರು. ಅಷ್ಟರಲ್ಲಿ ಅನ್ಯಾ ಕಣ್ಣು ಉಜ್ಜಿಕೊಂಡು, "ಪಪ್ಪಾ, ಉರೀತಿದೆ," ಎಂದಳು. ನಗು ಅಲ್ಲಿಗೇ ನಿಂತಿತು.

ಟೀಚರ್ ನನ್ನ ಮಗಳ ಕಡೆ ತಿರುಗಿದರು. "ಮನೇಲೂ ಹೀಗಾಗಿತ್ತಾ ಸಿಯಾ?"

ಸಿಯಾ ನನ್ನನ್ನು ನೋಡಿದಳು. ನಾನು ಕಣ್ಣು ತಪ್ಪಿಸಿದೆ.

"ಇಲ್ಲ ಟೀಚರ್," ಎಂದಳು.

"ಹಾಗಾದ್ರೆ ನಮ್ಮ ನೆಲದ ತೇವಾನೇ ಇರ್ಬೇಕು. ನಂದೇ ತಪ್ಪು, ಮುಂಚೆ ನೋಡ್ಬೇಕಿತ್ತು." ಅಷ್ಟು ವಯಸ್ಸಾದ ಹೆಂಗಸು ಟಬ್ಬಿನಲ್ಲಿ ಬಿಸಿನೀರು ತಂದು ಕೆಳಗೆ ಕುಳಿತು, ಮೊದಲು ಮಕ್ಕಳ ಕಣ್ಣು ಒರೆಸಿದರು. ಆಮೇಲೆ ಕಾಲಿಗೆ ಕೈ ಹಾಕಿದರು. ಮಕ್ಕಳೆಲ್ಲ ಒಮ್ಮೆಗೇ ಕಾಲು ಹಿಂದಕ್ಕೆಳೆದುಕೊಂಡರು. ಈ ದೇಶದಲ್ಲೇ ಬೆಳೆದ ಮಕ್ಕಳು; ಆದರೂ ಗುರುವಿನ ಕೈಯಲ್ಲಿ ಕಾಲು ಹಿಡಿಸಿಕೊಳ್ಳಬಾರದೆಂದು ಅವಕ್ಕೆ ತಿಳಿದಿತ್ತು. ಸಿಯಾ ಗೋಡೆಗೆ ಅಂಟಿಕೊಂಡು ಸದ್ದಿಲ್ಲದೆ ಅಳುತ್ತಿದ್ದಳು.

ನಾನು ಹೋಗಿ ಟೀಚರ್ ಕೈಯಿಂದ ಬಟ್ಟೆ ತೆಗೆದುಕೊಂಡೆ. "ಬಿಡಿ ಟೀಚರ್. ಮನೇಲೂ ಹೀಗೇ ಆಗಿತ್ತು. ಹೇಳ್ಬೇಡ ಅಂತ ಇವಳಿಗೆ ನಾನೇ ಹೇಳಿದ್ದೆ."

ಯಾರೂ ಬೈಯಲಿಲ್ಲ. ಗಂಗಾಧರ ಅನ್ಯಾಳನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ಹೋದರು. ಆಮೇಲೆ ಅವರೇ ಚೌಕಗಳನ್ನು ಒಂದೊಂದಾಗಿ ಕಿತ್ತು ಜೋಡಿಸಿದರು. ನಾನು ತಲೆ ಬಗ್ಗಿಸಿ ಒಂದೊಂದೇ ಕಾಲು ತೊಳೆದೆ.

ಅನ್ಯಾಳ ಕಣ್ಣಿಗೆ ಏನೂ ಆಗಿಲ್ಲವೆಂದು ಭಾನುವಾರ ತಿಳಿಯಿತು. ಸೋಮವಾರ ಇಂಗ್ವಾರ್‌ಗೆ ಎಲ್ಲ ಹೇಳಿದೆ. "ನೆಲ ಮುಟ್ಟಿದ ಕೈಯನ್ನು ಕಣ್ಣಿಗೆ ಯಾಕೆ ಒತ್ತಿಕೊಳ್ಳುತ್ತಾರೆ?" ಎಂದು ಕೇಳಿದ. ತುಳಿದದ್ದಕ್ಕೆ ಭೂಮಿಯ ಕ್ಷಮೆ ಕೇಳುವುದು ಎಂದು ನನಗೆ ಬಂದ ಸ್ವೀಡಿಷ್‌ನಲ್ಲಿ ಹೇಳಿದೆ. "ಇದು ನಿನಗೆ ಮೊದಲೇ ಗೊತ್ತಿತ್ತಲ್ಲ," ಎಂದ. ಕೆಲಸ ಕಾಯಂ ಆಗುವ ಮಾತು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ನಿನ್ನೆ ಸಂಜೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಿಯಾ ನಡುಮನೆಯಲ್ಲಿ ಮರದ ನೆಲದ ಮೇಲೆ ಅಭ್ಯಾಸ ಶುರುಮಾಡಲು ನಿಂತಳು. ಬಗ್ಗಿದವಳು ಕೈ ತಡೆದು ನನ್ನ ಕಡೆ ನೋಡಿದಳು.

"ಅಮ್ಮ, ಇದನ್ನ ಮುಟ್ಬಹುದಾ?"

ಬೆಳಿಗ್ಗೆಯಷ್ಟೇ ಒರೆಸಿದ ನೆಲ. "ಮುಟ್ಟು ಪುಟ್ಟಿ," ಎಂದೆ.

ಮುಟ್ಟಿದಳು. ಕಣ್ಣಿಗೊತ್ತಿಕೊಳ್ಳುವ ಮೊದಲು ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು.