ಜಟ್ಟನ ಪಾಲಿನ ತುಂಡು

ಕುಮಟೆಯ ಡಾಕ್ಟರು ಹೇಳಿದ್ದು ಮಂಜಿಗೆ ಬಾಯಿಪಾಠವಾಗಿತ್ತು. ಎರಡು ವರ್ಷ ತುಂಬಿದರೂ ಅವಳ ಮಗ ಜಟ್ಟ ಎದ್ದು ನಿಲ್ಲುತ್ತಿರಲಿಲ್ಲ, ಒಂದು ಮಾತೂ ಆಡುತ್ತಿರಲಿಲ್ಲ; ಕೂರಿಸಿದಲ್ಲೇ ಮಂಕಾಗಿ ಕೂತಿರುತ್ತಿದ್ದ. "ಮಕ್ಕಳ ಮಿದುಳು ಬೆಳೆಯುವುದು ಈ ವಯಸ್ಸಿನಲ್ಲೇ. ಬರೀ ಗಂಜಿ ಸಾಲದು. ಮೀನು, ಮೊಟ್ಟೆ, ಬೇಳೆ, ಏನಾದರೂ ಹಿಸುಕಿ ದಿನಾ ತಿನ್ನಿಸು" ಎಂದಿದ್ದರು ಅವರು.

ದಿನಾ! ಯುದ್ಧದ ಕಾಲ, ಅಕ್ಕಿ ರೇಶನ್ನಿನದು ನಿಜ. ಆದರೆ ಕಡಲಂಚಿನ ಅಘನಾಶಿನಿ ಊರಲ್ಲಿ ಮೀನಿಗೆ ಬರವಿರಲಿಲ್ಲ. ಬರವಿದ್ದದ್ದು ಮಡಕೆಯ ತಳದಲ್ಲಿ. ಮೊದಲು ಮಾವ ಲಿಂಗಪ್ಪ ಉಣ್ಣಬೇಕು, ಆಮೇಲೆ ಅವನ ಗಂಡುಮಕ್ಕಳು, ಆಮೇಲೆ ಅತ್ತೆ ಮಾಸ್ತಮ್ಮ. ಮಂಜಿ ಮಗುವನ್ನು ಕೂರಿಸಿಕೊಳ್ಳುವಷ್ಟರಲ್ಲಿ ಉಳಿಯುವುದು ಬರೀ ಸಾರು. ಜಟ್ಟನೆಂದರೆ ಎಲ್ಲರಿಗೂ ಜೀವವೇ. "ಮಗೂಗೊಂದು ತುಂಡು ಇಡು" ಎಂದು ಒಬ್ಬೊಬ್ಬರೂ ಹೇಳುತ್ತಾರೆ. ಇಟ್ಟದ್ದು ಮಾತ್ರ ಇಟ್ಟಲ್ಲಿರುವುದಿಲ್ಲ. ಮೊನ್ನೆ ಕರ್ಕಿಯಿಂದ ಬಂದ ಅತ್ತೆಯ ತಮ್ಮನಿಗೆ ಹೋಯಿತು. ನಿನ್ನೆ ಮೈದುನ ಇನ್ನೊಂದು ಹಿಡಿ ಅನ್ನ ಕೇಳಿದ, ಅದರ ಜೊತೆಗೆ ಹೋಯಿತು.

ಇವತ್ತು ಮಂಜಿ ಕಾಯಲಿಲ್ಲ. ಸಾರು ಕುದಿದದ್ದೇ ತಡ, ಬಂಗಡೆಯ ನಡುತುಂಡು ಬಟ್ಟಲಿಗೆ ತೆಗೆದು, ಜಟ್ಟನನ್ನು ತೊಡೆಗೆ ಎಳೆದುಕೊಂಡು ಒಲೆಯ ಮಗ್ಗುಲಲ್ಲೇ ಕೂತಳು.

"ಎಂತ ಮಾಡ್ತೆ ನೀನು?" ಮಾಸ್ತಮ್ಮ ಕೂಗಿದಳು. "ಗಂಡಸ್ರು ಉಣ್ಣದೆ ಮಡಕೆಗೆ ಸೌಟು ಹಾಕೂದಾ? ಸಾರೆಲ್ಲಾ ಎಂಜಲಾತು!"

"ಆಗ್ಲಿ ಅತ್ತೆ. ನಿಮ್ಮ ತಮ್ಮ ಬಂದ್ರೆ ಬೇರೆ ಸಾರು ಮಾಡ್ತೆ."

"ನನ್ನ ತಮ್ಮ ನಿನ್ನ ಕಣ್ಣು ಕಿತ್ನಾ?"

"ಕಣ್ಣೇನೋ ಬಿಟ್ರು. ತುಂಡು ಬಿಡ್ಲಿಲ್ಲ."

ಹಿತ್ತಲ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದ ಲಿಂಗಪ್ಪನಿಗೆ ಎಲ್ಲಾ ಕೇಳಿಸಿತು. ಮಾವ ಬೈದರೆ ನಾಳೆಯಿಂದ ಮತ್ತೆ ಗಂಜಿಯೇ ಗತಿ. ಆದರೂ ಮಂಜಿ ತುತ್ತು ನಿಲ್ಲಿಸಲಿಲ್ಲ. ಅವನು ಒಳಗೆ ಬಂದು, ಮಣೆಯ ಮೇಲೆ ಕೂತು, ಗಂಗಾಳ ಎಳೆದುಕೊಂಡ.

"ಆ ಎಂಜಲು ಸಾರೇ ಬಡ್ಸು" ಎಂದ ಹೆಂಡತಿಗೆ. "ಮೊಮ್ಮಗನ ಎಂಜಲು ಉಂಡ್ರೆ ಯಾವ ಕುಲ ಹೋಗ್ತದೆ? ನಾಳೆಯಿಂದ ಅಂವ ಉಂಡ ಮೇಲೇ ನನ್ನ ಕರಿ."

ಮಾಸ್ತಮ್ಮ ಸೌಟು ಕುಕ್ಕಿ ಬಡಿಸಿದಳು. ಆಮೇಲೆ ಗೊಣಗುತ್ತಲೇ ಬಂದು ಸೊಸೆಯ ಕೈಯಿಂದ ಬಟ್ಟಲು ಕಿತ್ತುಕೊಂಡಳು.

"ಸಿಟ್ಟಲ್ಲಿ ಮೀನು ತಿನ್ಸೂದಾ? ಈ ಮುಳ್ಳು ನೋಡು!" ಬೆಳಕಿಗೆ ಹಿಡಿದು ಒಂದೊಂದೇ ಮುಳ್ಳು ಆರಿಸತೊಡಗಿದಳು.

"ಬೇಗ ಅತ್ತೆ, ಬಾಯಿ ತೆರ್ಕಂಡೇ ಕೂತಾನೆ."

"ಕೂತ್ಕಳ್ಲಿ. ನಾನೆಂತ ಯಂತ್ರನಾ?"