ಸೋದರತ್ತೆಯ ಹಕ್ಕು

ನಾನು ಎತ್ತರದ ದನಿ ತೆಗೆದರೆ ಚರ್ಚಿನ ಹಿಂದಿನ ಮರದಲ್ಲಿ ತಲೆಕೆಳಗಾಗಿ ಮಲಗಿದ ಬಾವಲಿಗಳು ಮಾವಿನಕಾಯಿಯ ಹಾಗೆ ಉದುರುತ್ತವೆ. ಸುಳ್ಳೆಂದು ಯಾರಾದರೂ ಹೇಳಲಿ, ನೋಡೋಣ. ಒಮ್ಮೆ ಕ್ರಿಸ್‌ಮಸ್ ಆರಾಧನೆಯಲ್ಲಿ ನಾನು ಹಿಡಿದ ಸ್ವರ ಕೇಳಿ, ನಮ್ಮೂರ ನೇಯಾಫು ಬಂದರಿನಲ್ಲಿ ನಿಂತಿದ್ದ ಹಡಗು ಲಂಗರು ಎತ್ತಿ ಹೊರಟೇಬಿಟ್ಟಿತ್ತು. ಕಪ್ತಾನ ಅದನ್ನು ತನ್ನ ಹಡಗಿನದೇ ಸೀಟಿ ಅಂದುಕೊಂಡನಂತೆ. ಇಂಥ ಗಂಟಲಿನ ಲೋಸಲೀನೆಯನ್ನು, ಅಂದರೆ ನನ್ನನ್ನು, ಬಿಟ್ಟುಹೋಗುತ್ತೇನೆ ಎಂದು ನನ್ನ ಅಣ್ಣನ ಮಗ ಲಿಸಿಯಾತೆ ಹೇಳಿದ. ಅದೂ ಇಡೀ ಗಾಯಕವೃಂದದ ಎದುರಿಗೆ.

ನಮ್ಮ ವೃಂದ ಸುವಾರ್ತೆ ಸಾರಲು ಹೊರಟಿತ್ತು. ಮೊದಲು ಫೀಜಿ, ಅಲ್ಲಿಂದ ವನುವಾಟು, ಕೊನೆಗೆ ಸಾಲೊಮನ್ ದ್ವೀಪಗಳು. ಲಿಸಿಯಾತೆ ವೃಂದದ ಯಜಮಾನ. ಆ ಸಂಜೆ ಹಾಡಿನ ಅಭ್ಯಾಸ ಮುಗಿಸಿ, ಕೈಯಲ್ಲಿನ ತಾಳದ ಕಡ್ಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವನು ನನ್ನ ಕಡೆ ತಿರುಗಿದ.

“ಅತ್ತೆ, ನಿಮ್ಮ ಗಂಟ್ಲಿಗೆ ಸ್ವಲ್ಪ ರೆಸ್ಟು ಬೇಕು. ಹೆಂಗಸರ ಕಡೆ ಈ ಸಲ ಮೊದಲನೇ ಸ್ವರ ಆನಸೇನಿ ಎತ್ತಿಕೊಡ್ತಾಳೆ. ನೀವು ಊರಲ್ಲೇ ಇದ್ದು ನಮ್ಮನ್ನ ಕಳಿಸಿಕೊಡೋ ಊಟದ ಉಸ್ತುವಾರಿ ನೋಡ್ಕೊಳ್ಳಿ.”

ಆನಸೇನಿ ಅವನ ಹೆಂಡತಿ. ಅವಳ ದನಿ ಎಷ್ಟು ಸಣ್ಣದೆಂದರೆ, ಪಕ್ಕದಲ್ಲಿ ಕೂತ ಸೊಳ್ಳೆಯೂ “ಏನಂದ್ರಿ?” ಎಂದು ಕೇಳಬೇಕು. ಅವಳು ನಕ್ಕಳು. ಅವಳ ಹಿಂದಿನ ಸಾಲಿನ ಹುಡುಗಿಯರೂ ನಕ್ಕರು. ಅವರಿಗೆಲ್ಲ ಹಾಡಲು ಕಲಿಸಿದವಳು ನಾನು.

ನಾನು ಕ್ಷಮಿಸುವ ಪೈಕಿಯಲ್ಲ. ಪಾದ್ರಿಯವರು ಕ್ಷಮೆಯ ಬಗ್ಗೆ ಉಪದೇಶ ಮಾಡುವಾಗ ನಾನು ಬೀಸಣಿಗೆಯನ್ನು ಜೋರಾಗಿ ಬೀಸುತ್ತೇನೆ, ಆ ಮಾತು ಗಾಳಿಗೆ ಪಕ್ಕದವರ ಕಡೆ ಹೋಗಲಿ ಎಂದು. ಫೀಜಿಯ ಸುವಾ ಪಟ್ಟಣದ ದೊಡ್ಡ ಚರ್ಚಿನಲ್ಲಿ ಮೊದಲ ಸ್ವರ ನನ್ನದೇ ಆಗಬೇಕು. ಆಗದಿದ್ದರೆ ಈ ವೃಂದ ದಡ ಬಿಡಕೂಡದು. ಮನೆಗೆ ನಡೆದು ಹೋಗುವಷ್ಟರಲ್ಲಿ ಇದನ್ನು ತೀರ್ಮಾನ ಮಾಡಿಯಾಗಿತ್ತು.

ಬೆಳಿಗ್ಗೆ, ನಮ್ಮಲ್ಲಿ ಮರ್ಯಾದೆಯ ಭೇಟಿಗೆ ಉಡುವ ಹಾಗೆ, ಸೊಂಟಕ್ಕೆ ನನ್ನ ಒಳ್ಳೆಯ ಚಾಪೆ ಬಿಗಿದುಕೊಂಡು ಲಿಸಿಯಾತೆಯ ಮನೆಗೆ ಹೋದೆ. ಸೋದರತ್ತೆ ಬಾಗಿಲಿಗೆ ಬಂದು ಏನು ಕೇಳಿದರೂ ಅಣ್ಣನ ಮಕ್ಕಳು ಇಲ್ಲ ಅನ್ನುವಂತಿಲ್ಲ. ಮುಖ ಸಿಂಡರಿಸುವಂತೆಯೂ ಇಲ್ಲ. ನಮ್ಮ ದ್ವೀಪಗಳಲ್ಲಿ ದೊರೆಯ ಮಾತಿಗಾದರೂ ಮೇಲ್ಮನವಿ ಇದ್ದೀತು, ಇದಕ್ಕಿಲ್ಲ.

“ಕೋಟು ಚೆನ್ನಾಗಿದೆ ಕಣೋ,” ಎಂದೆ. ಪಯಣಕ್ಕೆಂದೇ ಹೊಲಿಸಿದ ಬಿಳಿ ಕೋಟು ಗೋಡೆಗೆ ತೂಗುಹಾಕಿತ್ತು.

ಲಿಸಿಯಾತೆಗೆ ಅರ್ಥವಾಯಿತು. “ಅತ್ತೆ, ಅದು ಗಂಡಸರ ಕೋಟು.”

“ಇರ್ಲಿ ಬಿಡೋ. ನನ್ನ ಹೋತಕ್ಕೆ ಹಾಕ್ತೀನಿ.”

ಅವನು ನಗುತ್ತ ತಂದುಕೊಟ್ಟ. ಆ ನಗು ಅವನ ಮುಖದ ಮೇಲೆ ಮೊಳೆ ಹೊಡೆದು ಕೂರಿಸಿದ ಹಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಹೋತ ಆ ಕೋಟು ತೊಟ್ಟು ಊರೆಲ್ಲ ಸುತ್ತಿತು. ಲಿಸಿಯಾತೆಗಿಂತ ಅದಕ್ಕೇ ಒಪ್ಪುತ್ತದೆ ಎಂದು ಊರವರೆಲ್ಲ ಹೇಳಿದರು, ಮುಖ್ಯವಾಗಿ ನಾನು.

ಮಾರನೆಯ ದಿನ ಅವನ ದೊಡ್ಡ ಹಂದಿ ಬೇಕೆಂದೆ. ಆನೆ ಗಾತ್ರದ ಹಂದಿ ಅದು; ಹೊಡೆದುಕೊಂಡು ಬರುವಾಗ ಅದರ ನೆರಳಿಗೆ ಬೀದಿಯ ಕೋಳಿಗಳು ಸಂಜೆಯಾಯಿತೆಂದು ಗೂಡು ಸೇರಿದವು. ಆಮೇಲೆ ಹೆಗ್ಗೆಣಸು, ಪೆಟ್ಟಿಗೆ, ಆನಸೇನಿಯ ಹೊಸ ಟೋಪಿ. ಕೊನೆಗೆ ಮುಖ್ಯವಾದದ್ದಕ್ಕೆ ಕೈಹಾಕಿದೆ. ಇಳಿದ ಇಳಿದ ಕಡೆ ಆತಿಥ್ಯ ಕೊಡುವವರ ಮುಂದೆ ಕಾಣಿಕೆಯಾಗಿ ಹಾಸಬೇಕಾದ, ಮರದ ತೊಗಟೆ ಬಡಿದು ಮಾಡಿದ ಬಟ್ಟೆಯ ಸುರುಳಿಗಳು, ನಯವಾಗಿ ಹೆಣೆದ ಚಾಪೆಗಳು. ಅವಿಲ್ಲದೆ ಪರದೇಶದ ದಡದಲ್ಲಿ ಬರಿಗೈಯಲ್ಲಿ ನಿಲ್ಲುವುದಕ್ಕಿಂತ ದಾರಿಯಲ್ಲಿ ಮುಳುಗುವುದೇ ಮರ್ಯಾದೆ.

“ಅವನ್ನೂನಾ?” ಆನಸೇನಿಯ ದನಿ ಆ ದಿನ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

“ಮೇಲಿನ ಸ್ವರ ಅಂದ್ರೆ ಇದು ನೋಡಮ್ಮ. ಬರ್ತಾ ಇದೆ, ಬರ್ತಾ ಇದೆ. ಅಭ್ಯಾಸ ಮಾಡು,” ಎಂದೆ.

ಪಾದ್ರಿಯವರು ಬೆವರೊರೆಸಿಕೊಳ್ಳುತ್ತ ನನ್ನ ಮನೆಗೆ ಬಂದರು. ಚಾಪೆಗಳ ರಾಶಿ ಮಾಡಿಗೆ ತಾಗಿದ್ದರಿಂದ ಅವರನ್ನು ಹೊರಗೇ ಕೂರಿಸಿದೆ.

“ಲೋಸಲೀನೆಯಮ್ಮ, ಇದು ದೇವರ ಕೆಲಸ ಅಲ್ವಾ?”

“ದೇವರಿಗೆ ನನ್ನ ದನಿ ಗೊತ್ತು ಅಯ್ಯನವರೇ. ಆನಸೇನಿ ದನಿ ಕೇಳಿಸಿದೆಯೋ ಇಲ್ವೋ ವಿಚಾರಿಸಿ. ನಾನು ಮುಂದಿನ ಸಾಲು, ಅವಳು ನನ್ನ ಹಿಂದೆ. ಒಪ್ಪಿದ್ರೆ ಈಗ್ಲೇ ಎಲ್ಲಾ ಹೊರಿಸಿ ಕಳಿಸ್ತೀನಿ.”

ಉತ್ತರ ಲಿಸಿಯಾತೆಯಿಂದಲೇ ಬಂತು, ಬೇಲಿಯಾಚೆಯಿಂದ. “ಚರ್ಚಿನ ಗಂಟೆ ಬೇಕಾದ್ರೂ ಕೇಳಿ ಅತ್ತೆ, ತಂದುಕೊಡ್ತೀನಿ. ಮೊದಲನೇ ಸ್ವರ ಮಾತ್ರ ನಾನು ಯಾರಿಗೆ ಹೇಳ್ತೀನೋ ಅವರದು!”

ಹಾಗೆಂದವನು ದೋಣಿ ಹತ್ತಿ ಆಚೆ ದ್ವೀಪಕ್ಕೆ ಹೋದ. ಹೆದರಿ ಓಡಿದ ಎಂದು ನಾನು ಕುಣಿದೆ. ನನ್ನ ಕುಣಿತಕ್ಕೆ ಬಾವಿಯ ನೀರು ತುಳುಕಿತು.

ಅವನು ತಿರುಗಿ ಬಂದಾಗ ದೋಣಿಯ ನಡುವೆ, ಕುರ್ಚಿಯ ಮೇಲೆ, ತೋಕಿಲುಪೆ ಅತ್ತೆ ಕೂತಿದ್ದಳು. ನನ್ನ ಅಪ್ಪನ ತಂಗಿ. ನನ್ನ ಸೋದರತ್ತೆ. ಆಕೆ ಸತ್ತಳೆಂದು ನಾನು ಎರಡು ಸಲ ಅತ್ತು ಮುಗಿಸಿದ್ದೆ. ವಯಸ್ಸು ಆಕೆಗೇ ಗೊತ್ತಿಲ್ಲ. ನಮ್ಮ ದ್ವೀಪಗಳು ಸಮುದ್ರದಿಂದ ಮೇಲೆದ್ದಾಗ ಆಕೆ ದಡದಲ್ಲಿ ನಿಂತು ನೋಡಿದ್ದಳಂತೆ. ಕಾಲು ಬರುತ್ತಿರಲಿಲ್ಲ. ಕಿವಿ ಗುಡುಗಿಗೆ ಮಾತ್ರ ತೆರೆಯುತ್ತಿತ್ತು. ಕಣ್ಣು ಮಾತ್ರ ಚೆನ್ನಾಗಿತ್ತು.

ನನ್ನ ಅಂಗಳದಲ್ಲಿ ಕುರ್ಚಿ ಇಳಿಸಿದರು. ನಾನು ನೆಲದ ಮೇಲೆ ಕೂತೆ. ಕೂರಲೇಬೇಕು.

“ಚಾಪೆ ಚೆನ್ನಾಗಿವೆ ಕಣೇ,” ಎಂದಳು.

“ತಗೊಳ್ಳಿ ಅತ್ತೆ,” ಎಂದು ನಕ್ಕೆ. ಮೊಳೆ ಹೊಡೆದ ನಗು ಎಷ್ಟು ನೋಯುತ್ತದೆಂದು ಆಗ ತಿಳಿಯಿತು.

“ಆ ಬಟ್ಟೆ ಸುರುಳಿಗಳೂ ಚೆನ್ನಾಗಿವೆ. ಹಂದಿ? ಓಹೋ, ಹಂದಿ! ಆ ಹೋತ ಯಾಕೆ ಕೋಟು ಹಾಕ್ಕೊಂಡಿದೆ? ಬಿಚ್ಚಿ ಕೊಡು.”

ಎಲ್ಲವೂ ಹೋಯಿತು. ಲಿಸಿಯಾತೆ ತೆಂಗಿನ ಮರಕ್ಕೆ ಒರಗಿ ಹಲ್ಲು ಕಿರಿಯುತ್ತಿದ್ದ. ಆ ಹಲ್ಲುಗಳನ್ನು ಒಂದೊಂದಾಗಿ ಕಿತ್ತು ಸರ ಪೋಣಿಸುವ ಆಸೆ ನನಗೆ ಈಗಲೂ ಇದೆ.

“ಅಜ್ಜೀ,” ಅವನು ಆಕೆಯ ಕಿವಿಯ ಹತ್ತಿರ ಕೂಗಿದ, “ಈಗ ಅವನ್ನೆಲ್ಲ ಹಡಗಿಗೆ ಹಾಕಿಸ್ಲಾ?”

“ಹಾಕಿಸು. ನನ್ನ ಕುರ್ಚೀನೂ ಹಾಕಿಸು.”

“ಕುರ್ಚಿ ಯಾಕಜ್ಜಿ?”

“ನನ್ನ ಚಾಪೆ ಫೀಜಿಗೆ ಹೋಗುತ್ತೆ, ನಾನು ಇಲ್ಲಿ ನೊಣ ಹೊಡೀತಾ ಕೂತಿರ್ಲಾ? ಸಾಯೋ ಮುಂಚೆ ಸುವಾ ನೋಡ್ಬೇಕು. ಚಾಪೇನ ನನ್ನ ಕೈಯಾರೆ ಕೊಡ್ತೀನಿ.”

ಲಿಸಿಯಾತೆಯ ಹಲ್ಲುಗಳು ಒಳಗೆ ಹೋದವು. ನಾನು ಕೆಮ್ಮಿದೆ, ನಗು ಮುಚ್ಚಿಕೊಳ್ಳಲು.

“ಇವಳು ಬರ್ಲಿ,” ಅತ್ತೆ ಕೋಲಿನಿಂದ ನನ್ನ ಹೆಗಲಿಗೆ ತಿವಿದಳು. “ನನಗೆ ಸ್ನಾನ ಮಾಡಿಸೋಕೆ ನಮ್ಮಣ್ಣನ ಮಗಳೇ ಬೇಕು.”

“ಬರ್ತೀನಿ ಅತ್ತೆ. ಆದ್ರೆ ಹೆಂಗಸರ ಸಾಲಿಗೆ ನಾನೇ ಎತ್ತಿ...”

“ಬಾಯಿ ಮುಚ್ಕೊಂಡು ಬಾ.”

ಪಯಣ ಸಿಕ್ಕಿತು, ಹಾಡು ಹೋಯಿತು. ಮೂರು ದೇಶ ಸುತ್ತಿ ಮುದುಕಿಯ ಬೆನ್ನು ತಿಕ್ಕುತ್ತ, ಆನಸೇನಿ ಮುಂದೆ ನಿಂತು ಪಿಸುಗುಡುವುದನ್ನು ನೋಡಬೇಕು!

ಹೊರಡುವ ಬೆಳಿಗ್ಗೆ ಊರೆಲ್ಲ ಬಂದರಿನಲ್ಲಿತ್ತು. ಕುರ್ಚಿಯ ಮುಂದಿನ ಕಾಲುಗಳನ್ನು ನಾನು ಹಿಡಿದೆ, ಹಿಂದಿನವನ್ನು ಲಿಸಿಯಾತೆ. ಏಣಿಹಲಗೆ ಹತ್ತುವಾಗ ಭಾರವೆಲ್ಲ ಹಿಂದಿನವನ ಮೇಲೆಯೇ ಬೀಳುತ್ತದೆ. ಹಾಗಾಗಿ ನಾನು ಆದಷ್ಟು ನಿಧಾನವಾಗಿ ಹತ್ತಿದೆ. ಮೇಲೆ ಕುರ್ಚಿ ಇಳಿಸಿದಾಗ ಅವನ ಬೆನ್ನು ಗಾಳದ ಹಾಗೆ ಬಾಗಿತ್ತು.

“ಬೀಳ್ಕೊಡುಗೆ ಕೀರ್ತನೆ ಹಾಡ್ರೋ,” ಎಂದಳು ತೋಕಿಲುಪೆ ಅತ್ತೆ.

ಲಿಸಿಯಾತೆ ಕಡ್ಡಿ ಎತ್ತಿದ. ಆನಸೇನಿ ಎತ್ತಿಕೊಟ್ಟಳು. ವೃಂದ ಹಿಂಬಾಲಿಸಿತು.

“ಹಾಡ್ರೋ ಅಂದೆನಲ್ಲ! ಸುಮ್ನೆ ಬಾಯಿ ಯಾಕೆ ಆಡಿಸ್ತಿದೀರಿ, ಮೀನಾ ನೀವು?”

ದಡದಲ್ಲಿ ಜನ ನಕ್ಕರು. ಆನಸೇನಿ ಮತ್ತೆ ಶುರುಮಾಡಿದಳು, ಕತ್ತಿನ ನರ ಹಗ್ಗದಷ್ಟು ದಪ್ಪವಾಗುವಂತೆ. ಅತ್ತೆ ಕೋಲನ್ನು ಹಲಗೆಗೆ ಕುಟ್ಟಿದಳು.

“ಇವಳು ಬೇಡ. ಲೋಸಲೀನೆ, ನೀನೆತ್ತು. ನಿನ್ನದು ಚಿಕ್ಕಂದಿನಲ್ಲೇ ನಮ್ಮ ದ್ವೀಪದ ತನಕ ಕೇಳಿಸ್ತಿತ್ತು, ಕಿವಿಗೆ ಹತ್ತಿ ಇಟ್ಕೊಳ್ತಿದ್ವಿ. ಇನ್ಮೇಲೆ ನನಗೆ ಕೇಳಿಸೋ ಹಾಗೆ ನೀನೇ ಎತ್ಬೇಕು. ಎಲ್ಲಾ ಊರಲ್ಲೂ.”

ಲಿಸಿಯಾತೆ ನನ್ನನ್ನು ನೋಡಿದ. ಆ ಕಣ್ಣಲ್ಲಿ ಬೇಡಿಕೆ ಇತ್ತು: ಅತ್ತೆ, ದಯವಿಟ್ಟು, ಸರಿಯಾದ ಸ್ಥಾಯಿಯಲ್ಲಿ ಹಿಡಿಯಿರಿ.

ನಾನು ಅವನಿಗೊಂದು ಸಿಹಿಯಾದ ನಗು ಕೊಟ್ಟೆ. ಹಿಡಿಯಬೇಕಾದ ಸ್ವರಕ್ಕಿಂತ ಎಷ್ಟೋ ಮೇಲೆ ಹಿಡಿದೆ. ಹುಡುಗಿಯರ ಕಣ್ಣು ಹೊರಬಂದವು. ಗಂಡಸರು ತುದಿಗಾಲಲ್ಲಿ ನಿಂತರು, ಎತ್ತರವಾದರೆ ಸ್ವರ ಎಟುಕೀತೆಂಬ ಹಾಗೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಲಿಸಿಯಾತೆಯ ಗಂಟಲು, ಬಂದರು ತುಂಬ ನಿಂತ ನೆಂಟರಿಷ್ಟರ ಎದುರಿಗೆ, ಹುಂಜದ ಮರಿಯ ಗಂಟಲಿನ ಹಾಗೆ ಒಡೆಯಿತು.

“ಈಗ ಕೇಳಿಸ್ತು!” ಎಂದು ಅತ್ತೆ ಚಪ್ಪಾಳೆ ತಟ್ಟಿದಳು. “ಎಲ್ಲಾ ಚರಣಾನೂ ಹಾಡ್ರಿ!”

ಹಡಗು ದಡ ಬಿಟ್ಟಿತು. ಲಿಸಿಯಾತೆ ಕಡ್ಡಿ ಬೀಸುತ್ತಲೇ ನನ್ನ ಕಡೆ ಬಾಗಿ, “ಅತ್ತೆ, ಸ್ವಲ್ಪ ಇಳಿಸಿ, ಕೈ ಮುಗೀತೀನಿ,” ಎಂದ.

ಸುತ್ತ ನೀರು. ಫೀಜಿಯವರೆಗೂ ಅವನಿಗೆ ಓಡಿಹೋಗಲು ಜಾಗವಿಲ್ಲ. ನಾನು ಉಸಿರು ತುಂಬಿಕೊಂಡು, ಮುಂದಿನ ಚರಣವನ್ನು ಇನ್ನೂ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿದೆ.