ಕೊಳದ ಅಂಚಿಗೆ ಗಿಡಗಳು

ಗಡಿಯಾರ ರಿಪೇರಿ ಮಾಡುವ ಅಣ್ಣ ಹಿತ್ತಲಿನ ಕೊಳಕ್ಕೆ ಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ. ಸೊಂಟದಷ್ಟು ನೀರು, ಮೊಣಕೈ ತರಚಿತು, ಅಷ್ಟೆ. ಆದರೆ ಒದ್ದೆ ಬಟ್ಟೆಯಲ್ಲಿ ನಿಂತು ಅವನು "ಅಂಚು ಕಾಣಲಿಲ್ಲ" ಎಂದಾಗ ಟವೆಲು ತರಲು ಹೊರಟಿದ್ದ ತಂಗಿ ಅಲ್ಲೇ ನಿಂತಳು. ಕಣ್ಣಿನ ನರ ಸೊರಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿ ಆಗಲೇ ವರ್ಷವಾಗಿತ್ತು.

"ಮಣ್ಣು ಹಾಕಿ ಮುಚ್ಚಿಸಿಬಿಡ್ತೀನಿ ಅಣ್ಣ."

"ನನ್ನ ಕೈಯಾರೆ ಅಗೆದಿದ್ದು ಕಣೇ. ಮುಚ್ಚೋದು ಬೇಡ. ಸುತ್ತ ಗಿಡ ಹಾಕೋಣ, ಅಂಚು ಎಲ್ಲಿದೆ ಅಂತ ಅವೇ ಹೇಳ್ತವೆ."

ನರ್ಸರಿಯಲ್ಲಿ ತಂಗಿ ಸೀದಾ ಹೋಗಿ ಕೇದಗೆಯ ಮುಂದೆ ನಿಂತಳು. ಗರಗಸದಂಥ ಮುಳ್ಳು, ಅದನ್ನು ದಾಟಿ ಯಾರೂ ನೀರಿಗಿಳಿಯಲಾರರು. ಅಣ್ಣ ಎಲೆಯಂಚು ಸವರಿ ಕೈ ಹಿಂದೆಳೆದುಕೊಂಡ.

"ನನಗೆ ಬೇಲಿ ಹಾಕ್ತೀಯೇನೇ? ನಾನೇನು ಬೀಡಾಡಿ ದನವಾ?"

ನರ್ಸರಿಯಾಕೆ ನಕ್ಕಳು. ತಂಗಿಗೆ ನಗು ಬರಲಿಲ್ಲ.

ಆಮೇಲೆ ಅವನೇ ಮುಟ್ಟಿ, ಮೂಸಿ ಆರಿಸಿದ. ಕಾಲುದಾರಿ ಬಂದು ಸೇರುವ ಕಡೆಗೆ ಬಜೆ. ಎಲೆ ತುಳಿದರೆ ಸಾಕು, ಘಮ್ಮೆನ್ನುತ್ತದೆ. ಗಾಳಿ ಬೀಸುವ ಕಡೆಗೆ ಜೊಂಡು, ಅದರ ಸರಸರ ಸದ್ದಿಗೆ. ತಾನು ಕೂರುವ ಕಲ್ಲಿನ ಪಕ್ಕಕ್ಕೆ ಹಳದಿ ಹೂವಿನ ಕಾಬಾಳೆ.

"ಅದಕ್ಕೆ ವಾಸನೆಯೂ ಇಲ್ಲ, ಸದ್ದೂ ಇಲ್ಲವಲ್ಲ?" ಎಂದಳು ತಂಗಿ.

"ಹಳದಿ ಇನ್ನೂ ಕಾಣ್ತದೆ ನಂಗೆ. ಅದೊಂದು ಇರ್ಲಿ."

ಬಜೆ ಬೇಗ ಬೇರೂರಿತು, ಜೊಂಡು ಎದೆಮಟ್ಟ ಬೆಳೆಯಿತು, ಅಣ್ಣ ಮತ್ತೆ ಬೀಳಲಿಲ್ಲ. ಕಾಬಾಳೆ ಮಾತ್ರ ಬರೀ ಎಲೆ ಬಿಡುತ್ತಾ ಹೋಯಿತು. ದಿನಾ ಅಂಗಡಿಗೆ ಹೊರಡುವ ಮುಂಚೆ ಕಲ್ಲಿನ ಮೇಲೆ ಕೂತು ಅವನು ಕೇಳುತ್ತಿದ್ದ: "ಹೂ ಬಂತಾ?"

ಒಂದು ಸೋಮವಾರ ಅದು ಅರಳಿತು. ಅವನ ಮುಖದಿಂದ ಒಂದು ಗೇಣು ದೂರದಲ್ಲಿ, ಅರಿಶಿನದಷ್ಟು ಹಳದಿಯಾಗಿ. ಅವನು ಅದರತ್ತಲೇ ತಿರುಗಿ ಕೂತಿದ್ದ.

"ಹೂ ಬಂತಾ?"

ತಂಗಿ ಹೂವನ್ನೂ ಅವನನ್ನೂ ನೋಡಿದಳು. "ಇಲ್ಲ. ಇನ್ನೂ ಮೊಗ್ಗು."

ಮರುದಿನವೂ ಅದೇ ಸುಳ್ಳು. ಅದರ ಮರುದಿನವೂ. ಶನಿವಾರ ಅಣ್ಣ ಕಲ್ಲಿಗಾಗಿ ಕೈಚಾಚಿದಾಗ ಉದುರಿದ್ದ ಎಸಳೊಂದು ಬೆರಳಿಗೆ ಅಂಟಿತು. ಅದನ್ನು ಮಡಿಸಿದ, ಬಿಡಿಸಿದ.

"ಯಾವಾಗ ಬಿಟ್ಟಿದ್ದು?"

"ಸೋಮವಾರ."

ರೇಗುತ್ತಾನೆಂದುಕೊಂಡಳು. ಅವನು ರೇಗಲಿಲ್ಲ.

"ಅಷ್ಟು ದಿನ ಒಬ್ಬಳೇ ಹೊಟ್ಟೇಲಿಟ್ಕೊಂಡಿದ್ಯಾ?"

ತಂಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಣ್ಣ ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ಅವಳತ್ತ ಚಾಚಿದ.

"ಮೇಜಿನ ಮೇಲೆ ಹನ್ನೊಂದು ಗಡಿಯಾರ ಬಿಚ್ಚಿಟ್ಟಿದೀನಿ. ಜೋಡಿಸೋಕೆ ಆಗ್ತಿಲ್ಲ ಕಣೇ. ಎರಡು ತಿಂಗಳಿಂದ ಸುಮ್ನೆ ಹೋಗಿ ಕೂತು ಬರ್ತಿದೀನಿ. ಯಾರ್ಯಾರದು ಅಂತ ಹೇಳ್ತೀನಿ, ವಾಪಸ್ ಕೊಟ್ಟು ಬಾ."

ಅವಳು ಒಳಗಿಂದ ಕಾಗದ, ಪೆನ್ಸಿಲ್ ತಂದು ಪಕ್ಕದಲ್ಲಿ ಕೂತಳು. ಅವನು ಒಂದೊಂದೇ ಗಡಿಯಾರದ ಗುರುತು ಹೇಳಿದ, ಅವಳು ಬರೆದುಕೊಂಡಳು. ಏಳನೆಯದು ಯಾರದೆಂದು ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ. ಅವಳು ಆ ಸಾಲು ಖಾಲಿ ಬಿಟ್ಟು ಎಂಟನೆಯದರ ಗುರುತು ಕೇಳಿದಳು.